ಅಗ್ನಿಶಾಮಕ ಸಿಬ್ಬಂದಿ ಆಗಬೇಕಾ? ಚಿಕ್ಕಮಗಳೂರು, ಹಾಸನ ಕಡೆಯ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ನೇಮಕಾತಿ ಪರೀಕ್ಷೆಗೆ ಓದುವ ಹುಡುಗರಿಗೆ ನಾನು ಪಾಠ ಹೇಳಿಕೊಡುತ್ತೇನೆ. ಅಗ್ನಿಶಾಮಕ ಇಲಾಖೆಗೆ ಆಳು ತಗೋತಾರಂತೆ ಅಂತ ಸುದ್ದಿ ಹಬ್ಬಿದರೆ ಸಾಕು, ಕಡೂರು, ಮೂಡಿಗೆರೆ, ಅರಸೀಕೆರೆ, ಆಲೂರು ಎಲ್ಲ ಕಡೆಯಿಂದ ಫೋನ್ ಬರುತ್ತದೆ. ಎತ್ತರ ಎಷ್ಟಿರಬೇಕು, ಯಾವ ಕೋರ್ಸ್ ಮಾಡಬೇಕು, ಯಾರನ್ನು ಹಿಡಿಯಬೇಕು ಅಂತ ಕೇಳುತ್ತಾರೆ. ಆ ಕೆಲಸದಲ್ಲಿ ದಿನಾ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಹಾಗಾಗಿ ಎರಡನ್ನೂ ಇಲ್ಲಿ ಸೇರಿಸಿದ್ದೇನೆ.

ಫೈರ್ ಬ್ರಿಗೇಡ್ ನಗರಸಭೆಯದ್ದಾ? ಅರ್ಜಿ ಅಲ್ಲೇ ಕೊಡಬೇಕಾ?

ಇಲ್ಲ. ನಮ್ಮಲ್ಲಿ ಇದು ರಾಜ್ಯ ಸರ್ಕಾರದ ಇಲಾಖೆ. ಹೆಸರು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ. ಗೃಹ ಇಲಾಖೆಯ ಕೆಳಗೆ ಬರುತ್ತದೆ. 1964ರ ಅಗ್ನಿಶಾಮಕ ದಳ ಕಾಯ್ದೆಯ ಪ್ರಕಾರ ನಡೆಯುತ್ತದೆ.

ಜನ ನಗರಸಭೆ ಅಂದುಕೊಳ್ಳುವುದಕ್ಕೂ ಕಾರಣ ಇದೆ. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂದಾಗ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಅಗ್ನಿಶಾಮಕ ಸೇವೆಯನ್ನೂ ಸೇರಿಸಿದರು. ಮುಂಬೈ, ಪುಣೆ, ಅಹಮದಾಬಾದ್‌ನಲ್ಲಿ ಇವತ್ತಿಗೂ ಪಾಲಿಕೆಯೇ ಅಗ್ನಿಶಾಮಕ ದಳ ನಡೆಸುತ್ತದೆ. ಕರ್ನಾಟಕದಲ್ಲಿ ಹಾಗಿಲ್ಲ. ಚಿಕ್ಕಮಗಳೂರು ಠಾಣೆಯಲ್ಲಿ ಇರುವವರೂ ಬೆಂಗಳೂರಿನ ಠಾಣೆಯಲ್ಲಿ ಇರುವವರೂ ಒಂದೇ ಇಲಾಖೆಯವರು. ವರ್ಗಾವಣೆ ಎಲ್ಲಿಗೆ ಬೇಕಾದರೂ ಆಗಬಹುದು. "ಮನೆ ಹತ್ತಿರವೇ ಕೆಲಸ" ಅಂತ ಲೆಕ್ಕ ಹಾಕಿ ಬರುವವರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಅರ್ಜಿ ಆನ್‌ಲೈನ್‌ನಲ್ಲಿ, ಇಲಾಖೆ ಅಧಿಸೂಚನೆ ಹೊರಡಿಸಿದಾಗ ಮಾತ್ರ. ಠಾಣೆಗೆ ಹೋಗಿ ಬಯೋಡೇಟಾ ಕೊಟ್ಟು ಬರುವುದರಿಂದ ಏನೂ ಪ್ರಯೋಜನ ಇಲ್ಲ.

ಎಷ್ಟು ಓದಿರಬೇಕು?

ಅಗ್ನಿಶಾಮಕ, ಅಂದರೆ ನಾವು ಫೈರ್‌ಮನ್ ಅನ್ನುವ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ಚಾಲಕ ಹುದ್ದೆಗಳಿಗೆ ಅದರ ಜೊತೆ ಹೆವಿ ವೆಹಿಕಲ್ ಲೈಸೆನ್ಸ್ ಬೇಕು. ಠಾಣಾಧಿಕಾರಿ ಹುದ್ದೆಗೆ ನೇರವಾಗಿ ಹೋಗುವವರಿಗೆ ಪದವಿ ಬೇಕು. ಅಲ್ಲಿ ವಿಜ್ಞಾನ ಓದಿದವರಿಗೆ ಅನುಕೂಲ, ಈ ಕೆಲಸದ ಅರ್ಧ ಭಾಗ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ.

ವಯಸ್ಸಿನ ಮಿತಿ, ಮೀಸಲಾತಿಯ ಸಡಿಲಿಕೆ, ಎಷ್ಟು ಹುದ್ದೆ ಎಂಬುದೆಲ್ಲ ಆಯಾ ಅಧಿಸೂಚನೆಯಲ್ಲಿ ಇರುತ್ತದೆ. ಪಿಡಿಎಫ್ ಪೂರ್ತಿ ಓದಿ. ವಾಟ್ಸಾಪ್‌ನಲ್ಲಿ ಬಂದ ಒಂದು ಚಿತ್ರ ನೋಡಿ ಅರ್ಜಿ ಹಾಕಬೇಡಿ.

ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ ಮಾಡಿದರೆ ಸರ್ಕಾರಿ ಕೆಲಸ ಗ್ಯಾರಂಟಿ ಅಂತಾರಲ್ಲ?

ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಗ್ಯಾರಂಟಿ ಅನ್ನುವ ಮಾತೇ ಸುಳ್ಳು. ಕರ್ನಾಟಕದ ಅಗ್ನಿಶಾಮಕ ಹುದ್ದೆಗೆ ಯಾವ ಖಾಸಗಿ ಡಿಪ್ಲೊಮಾವೂ ಬೇಕಿಲ್ಲ. ಆಯ್ಕೆ ಆದ ಮೇಲೆ ಸರ್ಕಾರವೇ ಕಲಿಸುತ್ತದೆ. ಅಪ್ಪ ಕಾಫಿ ಮಾರಿದ ದುಡ್ಡನ್ನೋ, ಅಮ್ಮನ ಸಂಘದ ಸಾಲವನ್ನೋ ಇಂಥ ಕೋರ್ಸಿಗೆ ಕಟ್ಟಿ ಕುಳಿತ ಹುಡುಗರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಕಾರ್ಖಾನೆ, ರಿಫೈನರಿ, ದೊಡ್ಡ ಕಟ್ಟಡಗಳ ಸೇಫ್ಟಿ ವಿಭಾಗದಲ್ಲಿ ಕೆಲಸ ಬೇಕು ಅನ್ನುವವರಿಗೆ ಡಿಪ್ಲೊಮಾ ಉಪಯೋಗಕ್ಕೆ ಬರುತ್ತದೆ. ಅದು ಬೇರೆ ದಾರಿ. ನಿಜವಾಗಿಯೂ ಈ ವಿಷಯದಲ್ಲಿ ದೊಡ್ಡ ಓದು ಓದಬೇಕು ಅನ್ನಿಸಿದರೆ ನಾಗಪುರದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. 1956ರಲ್ಲಿ ರಾಂಪುರದಲ್ಲಿ ಶುರುವಾಗಿ ಮರುವರ್ಷ ನಾಗಪುರಕ್ಕೆ ಬಂತು.

ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಅನ್ನುವವರು ಬಂದರೆ ಪೊಲೀಸರಿಗೆ ಹೇಳಿ. ಅಷ್ಟೇ.

ಎತ್ತರ, ಎದೆ ಅಳತೆಗೆ ಬೀಳುತ್ತೇನೆ ಅಂತ ಭಯ. ಏನು ಮಾಡಲಿ?

ಎತ್ತರ, ತೂಕ, ಎದೆ ಸುತ್ತಳತೆ, ಉಸಿರು ಎಳೆದಾಗ ಎದೆ ಎಷ್ಟು ಹಿಗ್ಗುತ್ತದೆ, ಕಣ್ಣಿನ ದೃಷ್ಟಿ, ಇವೆಲ್ಲವನ್ನೂ ನೋಡುತ್ತಾರೆ. ಬಣ್ಣ ಗುರುತಿಸುವ ಶಕ್ತಿಯನ್ನೂ ಮುಂಚೆಯೇ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ. ಎತ್ತರಕ್ಕೆ ನಾವು ಏನೂ ಮಾಡಲಾಗದು. ಎದೆ ಹಿಗ್ಗುವುದು ಅಭ್ಯಾಸದಿಂದ ಸುಧಾರಿಸುತ್ತದೆ.

ಅಳತೆಗಿಂತ ಹೆಚ್ಚಾಗಿ ಹುಡುಗರು ಸೋಲುವುದು ದಮ್ಮಿನಲ್ಲಿ. ಜಿಮ್‌ಗೆ ಹೋಗಿ ತೋಳು ದಪ್ಪ ಮಾಡಿಕೊಂಡಿರುತ್ತಾರೆ, ಓಡಿಸಿದರೆ ನಾಲ್ಕು ಸುತ್ತಿಗೆ ಏದುಸಿರು. ತೋಟದಲ್ಲಿ ಗೊಬ್ಬರದ ಮೂಟೆ ಹೊತ್ತು ಏರು ಹತ್ತಿದ ಹುಡುಗನಿಗೆ ಈ ಕಷ್ಟ ಇಲ್ಲ. ಮಾಡಬೇಕಾದ ಅಭ್ಯಾಸವೂ ಅದೇ: ಭಾರ ಹೊತ್ತು ಏರು ಹತ್ತುವುದು, ಹಗ್ಗ ಹಿಡಿದು ಮೇಲೆ ಹೋಗುವುದು, ದೂರ ಓಡುವುದು. ಚಿಕ್ಕಮಗಳೂರಿನ ಹುಡುಗರಿಗೆ ಏರಿಗೇನು ಬರ?

ಇನ್ನೂ ಎರಡು ಭಯಗಳನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಎತ್ತರದಲ್ಲಿ ನಿಂತಾಗ ತಲೆ ತಿರುಗುತ್ತದಾ? ಇಕ್ಕಟ್ಟಾದ ಕತ್ತಲೆ ಜಾಗದಲ್ಲಿ ಎದೆ ಹಿಡಿದುಕೊಳ್ಳುತ್ತದಾ? ಇದು ಯಾವ ಟೇಪಿನ ಅಳತೆಗೂ ಸಿಗುವುದಿಲ್ಲ, ಆದರೆ ಕೆಲಸದಲ್ಲಿ ದಿನಾ ಎದುರಾಗುತ್ತದೆ. ಈಜು ಬರದಿದ್ದರೆ ಇವತ್ತೇ ಕಲಿಯಲು ಶುರು ಮಾಡಿ, ಗೊತ್ತಿರುವವರ ಜೊತೆ. ಅಯ್ಯನಕೆರೆಗೋ ಹೇಮಾವತಿ ಹಿನ್ನೀರಿಗೋ ಒಬ್ಬರೇ ಇಳಿಯಬೇಡಿ.

ಯಾವ ದಾಖಲೆ ಇಟ್ಟುಕೊಳ್ಳಬೇಕು?

ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್. ನಮ್ಮ ಕಡೆಯವರು ಜಾಸ್ತಿ ಮರೆಯುವುದು ಎರಡು: ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದಕ್ಕೆ ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಪ್ರಮಾಣಪತ್ರ. ಶಾಲೆ ಬದಲಾಯಿಸಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಹಿ ಬೇಕು. ಮಕ್ಕಳಿಲ್ಲದೆ ಮುಚ್ಚಿದ ಮಲೆನಾಡಿನ ಶಾಲೆಗಳ ದಾಖಲೆ ಹುಡುಕಲು ತಿಂಗಳು ಹಿಡಿಯಬಹುದು. ಅರ್ಜಿಯ ಕೊನೆಯ ದಿನಕ್ಕೆ ಮುಂಚೆ ಪಡೆದದ್ದಾಗಿರಬೇಕು, ಆಮೇಲೆ ತಂದರೆ ನಡೆಯುವುದಿಲ್ಲ.

ತರಬೇತಿ ಎಲ್ಲಿ? ಏನು ಕಲಿಸುತ್ತಾರೆ?

ಬೆಂಗಳೂರಿನಲ್ಲಿ ಇಲಾಖೆಯದೇ ಆರ್‌.ಎ. ಮುಂಡ್ಕೂರ್ ಅಕಾಡೆಮಿ ಇದೆ. ಕವಾಯತು, ಏಣಿ ಹತ್ತುವುದು, ಪಂಪ್ ನಡೆಸುವುದು, ಪ್ರಥಮ ಚಿಕಿತ್ಸೆ, ಬೆಂಕಿಯ ವಿಜ್ಞಾನ ಎಲ್ಲ ಕಲಿಯಬೇಕು.

ಅದರಲ್ಲಿ ಗಂಟು ಕಟ್ಟುವುದೂ ಒಂದು ಪಾಠ. ಬೋಲೈನ್, ಕ್ಲೋವ್ ಹಿಚ್, ಚೇರ್ ನಾಟ್ ಅಂತ ಹೆಸರುಗಳು. ಹಗಲಲ್ಲಿ ನೋಡಿಕೊಂಡು ಕಟ್ಟಿದರೆ ಸಾಲದು. ಕಣ್ಣು ಮುಚ್ಚಿಕೊಂಡು, ಬೆನ್ನ ಹಿಂದೆ ಕೈ ಇಟ್ಟು ಕಟ್ಟಬೇಕು. ಬಾವಿಯೊಳಗೆ ಕತ್ತಲೆ ಇರುತ್ತದೆ, ಕೈ ಒದ್ದೆಯಾಗಿರುತ್ತದೆ, ಹಗ್ಗದ ತುದಿಯಲ್ಲಿ ಒಬ್ಬರ ಜೀವ ಇರುತ್ತದೆ. ಬೋಲೈನ್ ಎಷ್ಟೇ ಎಳೆದರೂ ಕುಣಿಕೆ ಬಿಗಿಯುವುದಿಲ್ಲ, ಆಮೇಲೆ ಬಿಚ್ಚಲೂ ಸುಲಭ. ನಾವು ದನ ಕಟ್ಟುವಾಗ ಹಾಕುವ ಜೀರುಗುಣಿಕೆ ಹಾಕಿ ಮನುಷ್ಯರನ್ನು ಎತ್ತಿದರೆ ಪಕ್ಕೆಲುಬು ಮುರಿಯುತ್ತದೆ.

ದಿನಾ ಬೆಂಕಿ ಬೀಳಲ್ಲ. ಉಳಿದ ಹೊತ್ತು ಠಾಣೆಯಲ್ಲಿ ಏನು ಮಾಡುತ್ತಾರೆ?

"ಸುಮ್ನೆ ಕೂತಿರ್ತಾರೆ" ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. ಒಮ್ಮೆ ಬೆಳಿಗ್ಗೆ ಹೊತ್ತು ಠಾಣೆಯ ಮುಂದೆ ನಿಂತು ನೋಡಿ. ಕವಾಯತು ಆದ ಮೇಲೆ ಗಾಡಿ ಸ್ಟಾರ್ಟ್ ಮಾಡಿ ನೋಡುತ್ತಾರೆ. ಪಂಪ್ ಓಡಿಸುತ್ತಾರೆ. ಟ್ಯಾಂಕ್ ತುಂಬಿದೆಯಾ, ಬ್ಯಾಟರಿ ಸರಿ ಇದೆಯಾ, ಸೈರನ್ ಕೂಗುತ್ತದಾ ಅಂತ ತಪಾಸಣೆ.

ಹೋಸ್ ಪೈಪ್‌ಗಳ ಕೆಲಸವೇ ದೊಡ್ಡದು. ಬೆಂಕಿ ಆರಿಸಿ ಬಂದ ಮೇಲೆ ಕೆಸರು ಮೆತ್ತಿದ ಪೈಪ್‌ಗಳನ್ನು ಉದ್ದಕ್ಕೆ ಹಾಸಿ ತೊಳೆಯಬೇಕು, ನೇತುಹಾಕಿ ಒಣಗಿಸಬೇಕು, ಆಮೇಲೆ ಸುತ್ತಿ ಇಡಬೇಕು. ಒದ್ದೆಯಲ್ಲೇ ಸುತ್ತಿದರೆ ಬೂಷ್ಟು ಹಿಡಿಯುತ್ತದೆ, ಮುಂದಿನ ಸಲ ಒತ್ತಡ ಬಿದ್ದಾಗ ಅದೇ ಜಾಗದಲ್ಲಿ ಒಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಕಾಣದ ಕೊಪ್ಪ, ಶೃಂಗೇರಿ ಕಡೆ ಪೈಪ್ ಒಣಗಿಸುವುದು ಎಂಥ ಕಷ್ಟ ಅಂತ ಬಟ್ಟೆ ಒಣಗಿಸುವ ಯಾರಿಗಾದರೂ ಗೊತ್ತು. ಪೈಪ್ ಸುತ್ತುವುದಕ್ಕೂ ಒಂದು ಕ್ರಮ ಇದೆ. ಎಸೆದರೆ ತಾನೇ ಬಿಚ್ಚಿಕೊಂಡು ನೇರ ಓಡಬೇಕು, ತಿರುಚಿಕೊಳ್ಳಬಾರದು. ಎರಡು ಪೈಪ್ ಸೇರುವ ಕಪ್ಲಿಂಗ್‌ನೊಳಗೆ ರಬ್ಬರ್ ವಾಷರ್ ಇರುತ್ತದೆ. ಅದರಲ್ಲಿ ಒಂದು ಮರಳಿನ ಕಾಳು ಕೂತರೂ ನೀರು ಸೋರಿ ಒತ್ತಡ ಇಳಿಯುತ್ತದೆ. ಅದನ್ನು ಬೆರಳು ಹಾಕಿ ಸವರಿ ನೋಡುತ್ತಾರೆ.

ಇದರ ಜೊತೆಗೆ ಶಾಲೆ, ಆಸ್ಪತ್ರೆಗಳಲ್ಲಿ ಪ್ರಾತ್ಯಕ್ಷಿಕೆ, ಕಟ್ಟಡಗಳ ತಪಾಸಣೆ, ದೀಪಾವಳಿಗೆ ಪಟಾಕಿ ಮಳಿಗೆ, ಜಾತ್ರೆ, ವಿಐಪಿ ಬಂದರೆ ಅಲ್ಲೂ ಗಾಡಿ. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದ ದಿನಗಳಲ್ಲಿ ಆ ಜನಜಂಗುಳಿಗೆ ಎಲ್ಲ ಇಲಾಖೆಯವರೂ ಸಿದ್ಧವಾಗಿರಬೇಕಲ್ಲ.

"ಗಾಡಿ ಬಂತು, ಐದೇ ನಿಮಿಷಕ್ಕೆ ನೀರು ಖಾಲಿ." ಯಾಕೆ ಹೀಗೆ?

ಲೆಕ್ಕ ಹಾಕೋಣ. ಸಾಮಾನ್ಯವಾಗಿ ಒಂದು ಜಲವಾಹನದಲ್ಲಿ 4,500 ಲೀಟರ್ ನೀರು ಇರುತ್ತದೆ. ನಿಮಿಷಕ್ಕೆ 900 ಲೀಟರ್ ಬಿಟ್ಟರೆ ಐದು ನಿಮಿಷಕ್ಕೆ ಮುಗಿಯಿತು. ಜನ ಸಿಟ್ಟಾಗುತ್ತಾರೆ, ಕೆಲವು ಕಡೆ ಕಲ್ಲು ಎಸೆದದ್ದೂ ಉಂಟು. ತಪ್ಪು ಆ ಸಿಬ್ಬಂದಿಯದ್ದಲ್ಲ. ಟ್ಯಾಂಕಿನ ನೀರು ಮೊದಲ ಹೊಡೆತಕ್ಕೆ. ಆಮೇಲಿನ ನೀರನ್ನು ಆ ಜಾಗವೇ ಕೊಡಬೇಕು: ಕೆರೆ, ಬಾವಿ, ಕೃಷಿ ಹೊಂಡ, ತೋಟದ ಟ್ಯಾಂಕ್.

ಅದಕ್ಕೇ ಒಳ್ಳೆಯ ಸಿಬ್ಬಂದಿ ತನ್ನ ವ್ಯಾಪ್ತಿಯ ನೀರಿನ ಮೂಲಗಳನ್ನು ಬಾಯಿಪಾಠ ಮಾಡಿರುತ್ತಾನೆ. ಎಲ್ಲಿ ಗಾಡಿ ದಡದ ತನಕ ಹೋಗುತ್ತದೆ, ಬೇಸಿಗೆಯಲ್ಲಿ ಎಲ್ಲಿ ನೀರು ಉಳಿದಿರುತ್ತದೆ ಎಲ್ಲ ತಿಳಿದಿರಬೇಕು.

ಇಲ್ಲೇ ಭೌತಶಾಸ್ತ್ರವೂ ಬರುತ್ತದೆ. ಪಂಪ್ ನೀರನ್ನು ಎಳೆದುಕೊಳ್ಳುತ್ತದೆ ಅನ್ನುತ್ತೇವೆ. ನಿಜವಾಗಿ ಹೊರಗಿನ ಗಾಳಿಯ ಒತ್ತಡ ನೀರನ್ನು ಸಕ್ಷನ್ ಪೈಪಿನೊಳಗೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಅದು ಹೆಚ್ಚೆಂದರೆ 10.3 ಮೀಟರ್ ತಳ್ಳಬಲ್ಲದು. ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಲೆಕ್ಕದಲ್ಲೇ 9 ಮೀಟರ್‌ಗೆ ಇಳಿಯುತ್ತದೆ. ಪೈಪಿನ ತಿಕ್ಕಾಟ, ಸಣ್ಣ ಸೋರಿಕೆ ಎಲ್ಲ ಕಳೆದರೆ ಇನ್ನೂ ಕಡಿಮೆ. ಮಂಗಳೂರಿನಲ್ಲಿ ಎಳೆದಷ್ಟು ಆಳದಿಂದ ಇಲ್ಲಿ ಅದೇ ಪಂಪ್ ಎಳೆಯುವುದಿಲ್ಲ. "ಬಾವಿಯಲ್ಲಿ ನೀರಿದೆ, ಯಾಕೆ ಎಳೀತಿಲ್ಲ" ಅಂತ ಬೈಯುವ ಮೊದಲು ಬಾವಿ ಎಷ್ಟು ಆಳ ನೋಡಿ.

ಬೆಂಕಿಗಿಂತ ಹೊಗೆ ಅಪಾಯ ಅಂತಾರೆ, ಹೌದಾ?

ಹೌದು. ಮನೆಗೆ ಬೆಂಕಿ ಬಿದ್ದಾಗ ಎಷ್ಟೋ ಜನ ಸುಟ್ಟುಹೋಗುವ ಮುಂಚೆಯೇ ಹೊಗೆಯಿಂದ ಸಾಯುತ್ತಾರೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಿಸಿ ಹೊಗೆ ಮೇಲೆ ಸೇರುವುದರಿಂದ ನೆಲದ ಹತ್ತಿರ ಸ್ವಲ್ಪ ಒಳ್ಳೆ ಗಾಳಿ ಇರುತ್ತದೆ. ತೆವಳಿಕೊಂಡು ಹೋಗಬೇಕು ಅನ್ನುವುದು ಅದಕ್ಕೇ.

ಸಿಬ್ಬಂದಿ ಒಳಗೆ ಹೋಗುವಾಗ ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಇರುವ ಬಿಎ ಸೆಟ್ ಹಾಕುತ್ತಾರೆ. ಅದರಲ್ಲಿರುವುದು ಆಮ್ಲಜನಕ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಮಾಮೂಲಿ ಗಾಳಿ, ಒತ್ತಿ ತುಂಬಿಸಿದ್ದು. ಬೆಂಕಿಯ ಹತ್ತಿರ ಆಮ್ಲಜನಕದ ಸಿಲಿಂಡರ್ ಹೊತ್ತು ಹೋಗುವುದು ಇನ್ನೊಂದು ಅಪಾಯ. 300 ಬಾರ್ ಒತ್ತಡದ ಸಿಲಿಂಡರ್ ಕಾಗದದ ಮೇಲೆ ಮುಕ್ಕಾಲು ಗಂಟೆ ಬರಬಹುದು. ಮೆಟ್ಟಿಲು ಹತ್ತಿ, ಗಾಬರಿಯಲ್ಲಿ ಜೋರಾಗಿ ಉಸಿರಾಡುವವನಿಗೆ ಅದಕ್ಕಿಂತ ಬೇಗ ಮುಗಿಯುತ್ತದೆ. ಒತ್ತಡ 50 ಬಾರ್ ಆಸುಪಾಸಿಗೆ ಇಳಿದಾಗ ಒಂದು ಸೀಟಿ ತಾನಾಗಿಯೇ ಕೂಗಲು ಶುರುವಾಗುತ್ತದೆ. ಸೀಟಿ ಕೂಗುವ ಹೊತ್ತಿಗೆ ನೀವು ಬಾಗಿಲ ಹತ್ತಿರ ಇರಬೇಕು. ಒಳಗಿದ್ದುಕೊಂಡು "ಇನ್ನೊಂದು ಕೋಣೆ ನೋಡಿ ಬರ್ತೀನಿ" ಅನ್ನುವುದು ಧೈರ್ಯ ಅಲ್ಲ. ಶಾಂತವಾಗಿ ಉಸಿರಾಡಲು ಕಲಿತವನೇ ಈ ಕೆಲಸಕ್ಕೆ ಯೋಗ್ಯ ಅಂತ ನನಗೆ ಅನ್ನಿಸುವುದು ಈ ಕಾರಣಕ್ಕೆ.

ಬೆಂಕಿ ಬಿಟ್ಟು ಬೇರೆ ಏನೇನು ಕರ್ತವ್ಯ?

ನಮ್ಮ ಎರಡು ಜಿಲ್ಲೆಗಳಲ್ಲಿ ಇದೇ ಮುಖ್ಯ ಭಾಗ. ಮಳೆಗಾಲ ಬಂತು ಅಂದರೆ ರಸ್ತೆಗೆ ಬಿದ್ದ ಮರ ಕತ್ತರಿಸುವುದು, ಹೊಳೆಯಲ್ಲಿ ಕೊಚ್ಚಿಹೋದವರನ್ನು ಹುಡುಕುವುದು, ಗುಡ್ಡ ಕುಸಿದಲ್ಲಿ ಜನರನ್ನು ಹೊರತರುವುದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿ ಮಲೆಮನೆ, ಮಧುಗುಂಡಿ ಕಡೆ ಮನೆ ತೋಟ ಎಲ್ಲ ಹೋದದ್ದು ಯಾರಿಗೂ ಮರೆತಿಲ್ಲ. ಇಲ್ಲಿ ಕೆಲಸಕ್ಕೆ ಬರುವವರಿಗೆ ಮಣ್ಣು ಮತ್ತು ನೀರಿನ ಬಗ್ಗೆ ಬೆಂಕಿಯಷ್ಟೇ ತಿಳಿವಳಿಕೆ ಬೇಕು.

ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಅಪಘಾತ ಆದಾಗ ಜಜ್ಜಿದ ಕ್ಯಾಬಿನ್ ಕತ್ತರಿಸಿ ಚಾಲಕನನ್ನು ತೆಗೆಯಬೇಕು. ಶಿರಾಡಿಯಲ್ಲಿ ಮಂಗಳೂರಿನಿಂದ ಅನಿಲ ತುಂಬಿದ ಬುಲೆಟ್ ಟ್ಯಾಂಕರ್‌ಗಳು ಹಗಲು ರಾತ್ರಿ ಬರುತ್ತವೆ. ಅದೇ ಹೆದ್ದಾರಿಯಲ್ಲಿ, ಘಾಟಿಯ ಕೆಳಗೆ ಪೆರ್ನೆಯಲ್ಲಿ 2013ರ ಏಪ್ರಿಲ್‌ನಲ್ಲಿ ಟ್ಯಾಂಕರ್ ಉರುಳಿ ಆದ ಅನಾಹುತ ನೆನಪಿರಬಹುದು. ಸೋರುವ ಅನಿಲಕ್ಕೆ ಬೆಂಕಿ ಹತ್ತಿ ಉರಿಯುತ್ತಿದ್ದರೆ, ವಾಲ್ವ್ ಮುಚ್ಚುವ ತನಕ ಆ ಜ್ವಾಲೆಯನ್ನು ಆರಿಸುವುದಿಲ್ಲ. ಆರಿಸಿದರೆ ಅನಿಲ ಸದ್ದಿಲ್ಲದೆ ತಗ್ಗಿಗೆ ಹರಿದು ಇನ್ನೆಲ್ಲೋ ಕಿಡಿ ತಗುಲಿ ಸ್ಫೋಟಿಸುತ್ತದೆ. ಬದಲಿಗೆ ಟ್ಯಾಂಕ್ ಕಾಯದಂತೆ ದೂರದಿಂದ ನೀರು ಹೊಡೆಯುತ್ತಾ ಇರುತ್ತಾರೆ. ನೋಡುವವರಿಗೆ "ಬೆಂಕಿ ಬಿಟ್ಟು ಟ್ಯಾಂಕಿಗೆ ನೀರು ಹಾಕ್ತಿದಾರೆ" ಅನ್ನಿಸುತ್ತದೆ.

ಇನ್ನು ಬಾವಿ ಮತ್ತು ಗುಂಡಿ. ಹಳೆ ಬಾವಿಗೆ, ಶೌಚದ ಗುಂಡಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನ ಗುಂಡಿಗೆ ಇಳಿದ ಒಬ್ಬ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ಭಾವ. ಒಂದೇ ಮನೆಯಲ್ಲಿ ಮೂರು ಹೆಣ. ಒಳಗೆ ಆಮ್ಲಜನಕ ಇರುವುದಿಲ್ಲ, ಕೊಳೆತಲ್ಲಿ ವಿಷಾನಿಲವೂ ಸೇರಿರುತ್ತದೆ. ದಯವಿಟ್ಟು ಯಾರೂ ಹಿಂದೆ ಇಳಿಯಬೇಡಿ. ಬಿಎ ಸೆಟ್ ಹಾಕಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಜನ ನಿಲ್ಲಿಸಿ ಇಳಿಯುವುದು ಅಗ್ನಿಶಾಮಕದವರ ಕೆಲಸ.

ಕಾಳುಮೆಣಸು ಕೊಯ್ಯುವ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಆಳುಗಳು ಸಾಯುವುದು ನಮ್ಮ ತೋಟಗಳಲ್ಲಿ ನಿಂತೇ ಇಲ್ಲ. ಕರೆಂಟ್ ತೆಗೆಸದೆ ಯಾರೂ ಮುಟ್ಟಬಾರದು. 1912ಕ್ಕೆ ಫೋನ್ ಮಾಡಿ. ಕರೆಂಟ್ ಕೊಡುವ ಕಂಪನಿ ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್.

ಬಯಲುಸೀಮೆ ಕಡೆ ಬಂದರೆ ಹುಲ್ಲಿನ ಬಣವೆ, ತಂತಿಗೆ ತಗುಲಿದ ಹುಲ್ಲಿನ ಲಾರಿ, ಕೊಬ್ಬರಿ ಅಟ್ಟ. ಬಣವೆಯ ಮೇಲೆ ಎಷ್ಟು ನೀರು ಸುರಿದರೂ ಒಳಗೆ ಕೆಂಡ ಇರುತ್ತದೆ. ಕೆದಕಿ, ಹರಡಿ, ಪದರ ಪದರವಾಗಿ ನೆನೆಸಬೇಕು. ಕಾಫಿ ಹೊಟ್ಟಿನ ರಾಶಿಯೂ ಹೀಗೇ.

ಕಾಡ್ಗಿಚ್ಚು ಆರಿಸುವುದು ಯಾರು?

ಕಾಡಿನೊಳಗೆ ಮುಖ್ಯವಾಗಿ ಅರಣ್ಯ ಇಲಾಖೆಯವರು, ಅವರ ಸಹಾಯವಾಣಿ 1926. ರಸ್ತೆ, ಮನೆ, ತೋಟದ ಅಂಚಿಗೆ ಬಂದಾಗ ಅಗ್ನಿಶಾಮಕದವರೂ ಸೇರುತ್ತಾರೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿಗೆ ಗಾಡಿ ಹತ್ತುವುದಿಲ್ಲ, ಪೈಪೂ ಎಟಕುವುದಿಲ್ಲ. ಹಸಿ ಸೊಪ್ಪಿನಿಂದ ಬಡಿದು, ಮುಂದೆ ಹುಲ್ಲು ಕೆರೆದು ಖಾಲಿ ಪಟ್ಟಿ, ಅಂದರೆ ಬೆಂಕಿ ರೇಖೆ ತೆಗೆದು ತಡೆಯಬೇಕು. ಗಾಳಿ ದಿಕ್ಕು ಬದಲಿಸಿದರೆ ಓಡಲೂ ಸಮಯ ಸಿಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಬೆಟ್ಟಕ್ಕೆ ಬಂದು ಬೀಡಿ ಎಸೆಯುವವರು, ಹೊಸ ಹುಲ್ಲು ಚಿಗುರಲಿ ಅಂತ ಕಡ್ಡಿ ಗೀರುವವರು ಆ ಮನೆಯವರ ಮುಖ ನೆನೆಸಿಕೊಳ್ಳಬೇಕು.

ಹೆಣ್ಣುಮಕ್ಕಳು ಸೇರಬಹುದಾ?

ನಮ್ಮ ರಾಜ್ಯದ ಅಧಿಸೂಚನೆಯಲ್ಲಿ ಆ ಹುದ್ದೆ ಯಾರಿಗೆ ಎಂದು ಬರೆದಿದೆಯೋ ಮೊದಲು ಅದನ್ನು ನೋಡಿ. ಕೆಲಸ ಮಾಡಬಲ್ಲರಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲ ಆಯಿತು. 2002ರಲ್ಲಿ ಹರ್ಷಿಣಿ ಕನ್ಹೇಕರ್ ನಾಗಪುರದ ಕಾಲೇಜಿಗೆ ಸೇರಿದ ಮೊದಲ ಮಹಿಳೆಯಾದರು. ತಮಿಳುನಾಡಿನಲ್ಲಿ ಪ್ರಿಯಾ ರವಿಚಂದ್ರನ್, ಮೀನಾಕ್ಷಿ ವಿಜಯಕುಮಾರ್ 2003ರಲ್ಲಿ ಅಗ್ನಿಶಾಮಕ ಅಧಿಕಾರಿಗಳಾದರು. 2012ರ ಜನವರಿಯಲ್ಲಿ ಚೆನ್ನೈನ ಎಳಿಲಗಂ ಕಟ್ಟಡದ ಬೆಂಕಿಯಲ್ಲಿ ಪ್ರಿಯಾ ತೀವ್ರವಾಗಿ ಗಾಯಗೊಂಡರು, ಗುಣವಾಗಿ ಮತ್ತೆ ಕೆಲಸಕ್ಕೆ ಬಂದರು. ನಮ್ಮ ಜಿಲ್ಲೆಯ ಠಾಣೆಗಳಲ್ಲೂ ಹೆಣ್ಣುಮಕ್ಕಳು ಇರಬೇಕು ಅನ್ನುವುದು ನನ್ನ ಆಸೆ.

ಸಂಬಳ, ಬಡ್ತಿ?

ಸರ್ಕಾರಿ ವೇತನ ಶ್ರೇಣಿ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಮೊತ್ತ ಅಧಿಸೂಚನೆಯಲ್ಲೇ ಇರುತ್ತದೆ. ಅಗ್ನಿಶಾಮಕನಾಗಿ ಸೇರಿ ಪ್ರಮುಖ ಅಗ್ನಿಶಾಮಕ, ಸಹಾಯಕ ಠಾಣಾಧಿಕಾರಿ, ಠಾಣಾಧಿಕಾರಿ ಹೀಗೆ ಮೇಲೆ ಹೋಗಬಹುದು. ಅದರ ಮೇಲೆ ಜಿಲ್ಲಾ ಅಗ್ನಿಶಾಮಕ ಅಧಿಕಾರಿ. ಹಬ್ಬಕ್ಕೆ ರಜೆ ಸಿಗುತ್ತದೆ ಅಂತ ನಂಬಿಕೊಂಡು ಬರಬೇಡಿ, ಪಟಾಕಿ ಹಬ್ಬದ ದಿನವೇ ಕೆಲಸ ಜಾಸ್ತಿ.

ಹಾವು ಬಂದರೆ 101ಕ್ಕೆ ಫೋನ್ ಮಾಡಬಹುದಾ?

ಹಾವಿಗೆ ಅರಣ್ಯ ಇಲಾಖೆ.

ಬೆಂಕಿ ಆರಿಸಿದ್ದಕ್ಕೆ ದುಡ್ಡು ಕೊಡಬೇಕಾ?

ಬೇಡ. ಬೆಂಕಿ ಆರಿಸಲು ಬಂದವರಿಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಬಿಲ್ ಬರುತ್ತದೆ ಅಂತ ಹೆದರಿ ತಡ ಮಾಡುವವರು ಈಗಲೂ ಇದ್ದಾರೆ. ವಿಮೆಗೆ ವರದಿ ಬೇಕಾದರೆ ಆಮೇಲೆ ಅರ್ಜಿ ಕೊಡಿ. ಸಿಬ್ಬಂದಿ ಬೀಗ ಒಡೆದರೆ, ಪಕ್ಕದವರ ಬಾವಿಯಿಂದ ನೀರು ತೆಗೆದರೆ ಜಗಳಕ್ಕೆ ನಿಲ್ಲಬೇಡಿ, ಕಾಯ್ದೆಯೇ ಅವರಿಗೆ ಆ ಅಧಿಕಾರ ಕೊಟ್ಟಿದೆ.

ಏಪ್ರಿಲ್ 14ರಂದು ಠಾಣೆಗಳಲ್ಲಿ ಗೌರವ ಸಲ್ಲಿಸುವುದು ಯಾಕೆ?

1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿಯ ಮೂಟೆ, ಅದರ ಜೊತೆ ಯುದ್ಧದ ಸ್ಫೋಟಕ. ಆರಿಸುತ್ತಿದ್ದಾಗಲೇ ಹಡಗು ಸಿಡಿಯಿತು. 66 ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಆ ದಿನದಿಂದ 20ರ ತನಕ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ. ಆ ವಾರ ಹಾಸನ, ಚಿಕ್ಕಮಗಳೂರಿನ ಠಾಣೆಗಳಿಗೂ ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ, ಸಲಕರಣೆ ತೋರಿಸಿ ವಿವರಿಸುತ್ತಾರೆ.

ಫೋನ್ ಮಾಡಿದಾಗ ಏನು ಹೇಳಬೇಕು? ಗಾಡಿ ಬರುವ ತನಕ ಏನು ಮಾಡಬೇಕು?

101 ಅಥವಾ 112. "ತೋಟದಲ್ಲಿ ಬೆಂಕಿ, ಬೇಗ ಬನ್ನಿ" ಅಂತ ಕೂಗಿ ಇಟ್ಟುಬಿಡಬೇಡಿ. ತಾಲ್ಲೂಕು, ಊರು, ಎಸ್ಟೇಟ್ ಹೆಸರು, ಯಾವ ರಸ್ತೆಯಿಂದ ತಿರುಗಬೇಕು, ಉರಿಯುತ್ತಿರುವುದು ಏನು, ಒಳಗೆ ಜನ ಇದ್ದಾರಾ, ಹತ್ತಿರ ನೀರು ಎಲ್ಲಿದೆ, ಎಲ್ಲ ಹೇಳಿ. ಹೇಳಿದ ಮೇಲೂ ಫೋನ್ ಖಾಲಿ ಇಡಿ. ಒಬ್ಬರನ್ನು ಮುಖ್ಯ ರಸ್ತೆಯಲ್ಲಿ ಟಾರ್ಚ್ ಕೊಟ್ಟು ನಿಲ್ಲಿಸಿ. ದಾರಿಯ ಮೋರಿ ಗಟ್ಟಿ ಇದೆಯಾ ಅಂತಲೂ ತಿಳಿಸಿ. ನೀರೇ ನಾಲ್ಕೂವರೆ ಟನ್, ಗಾಡಿಯ ತೂಕ ಬೇರೆ. ತೋಟದ ಆಳುಗಳ ಲೈನ್ ಮನೆಗೆ ಹೋಗುವ ಕಚ್ಚಾ ರಸ್ತೆಯಲ್ಲಿ ಮೋರಿ ಕುಸಿದರೆ ಅಲ್ಲಿಗೇ ಮುಗಿಯಿತು.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡ, ಆರಿಸಲೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಸೋರಿಕೆಗೆ 1906. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,700 ಲೀಟರ್ ಆಗುತ್ತದೆ, ಉರಿಯುವ ಎಣ್ಣೆಯನ್ನು ಸೂರಿಗೇ ಎರಚುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ.

ಅಧಿಸೂಚನೆ ಬರುವ ತನಕ ಏನು ಮಾಡಲಿ?

ಬೆಳಿಗ್ಗೆ ಓಡಿ. ಎಸ್‌ಎಸ್‌ಎಲ್‌ಸಿ ವಿಜ್ಞಾನದ ಪುಸ್ತಕವನ್ನು ಮತ್ತೆ ತೆಗೆಯಿರಿ, ದಹನ, ಒತ್ತಡ, ವಿದ್ಯುತ್ ಪಾಠಗಳನ್ನು ಅರ್ಥ ಮಾಡಿಕೊಂಡು ಓದಿ. ಹೆವಿ ಲೈಸೆನ್ಸ್ ಮಾಡಿಸುವ ಅವಕಾಶ ಇದ್ದರೆ ಮಾಡಿಸಿ. ಪ್ರಥಮ ಚಿಕಿತ್ಸೆ ಕಲಿಸುವ ಶಿಬಿರ ಎಲ್ಲಾದರೂ ನಡೆದರೆ ಬಿಡಬೇಡಿ. ಹತ್ತು ಅಡಿ ಹಗ್ಗ ತಂದು ಬೋಲೈನ್ ಕಟ್ಟುವುದನ್ನು ರೂಢಿ ಮಾಡಿ. ನಿಮ್ಮ ಊರಿನ ಕೆರೆ, ಬಾವಿ, ಹೊಂಡ ಎಲ್ಲ ಸುತ್ತಿ, ಎಲ್ಲಿಗೆ ದೊಡ್ಡ ಗಾಡಿ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ಗ್ರಾಮ ಪಂಚಾಯಿತಿಗೂ ಹತ್ತಿರದ ಠಾಣೆಗೂ ಒಂದೊಂದು ಪ್ರತಿ ಕೊಡಿ. ಈ ಕೆಲಸಕ್ಕೆ ನೇಮಕಾತಿ ಆದೇಶ ಬೇಕಾಗಿಲ್ಲ.